ಮರಿ ತಂದಾಯ್ತು, ಈಗೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ನಾಯಿ ಹಿಡಿದುಕೊಂಡು ಪಾರ್ಕಿನ ಕಡೆ ಹೋದರೆ ಒಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ. "ನಿಮ್ಮದು ಎಷ್ಟು ಸಾಧು, ನಮ್ಮದು ನೋಡಿ..." ಅಂತ ಮಾತು ಶುರುವಾಗುತ್ತದೆ. ಈ ಸಾಧುವೂ ಮೊದಲ ತಿಂಗಳು ದೇವರಮನೆ ಹೊಸ್ತಿಲನ್ನೇ ಟಾಯ್ಲೆಟ್ ಮಾಡಿಕೊಂಡಿತ್ತು ಅಂದರೆ ಯಾರೂ ನಂಬುವುದಿಲ್ಲ.

ನಾನು ವೆಟ್ (ಪಶುವೈದ್ಯರು) ಅಲ್ಲ, ದುಡ್ಡು ತಗೊಂಡು ಕಲಿಸುವ ಟ್ರೇನರೂ ಅಲ್ಲ. ಬೀದಿಯಿಂದ ಬಂದ ಕರಿಯ, ಆಮೇಲೆ ಲ್ಯಾಬ್ರಡಾರ್ ಚಿನ್ನಿ, ಇಬ್ಬರನ್ನೂ ಮರಿಯಿಂದ ಸಾಕಿದ್ದೇನೆ. ಜೊತೆಗೆ ನೆಂಟರಿಷ್ಟರ ಮರಿಗಳ ಪಂಚಾಯ್ತಿ ಬೇರೆ. ಹೆಚ್ಚಾಗಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮರಿ ಬಂದ ಹೊಸತು

ಮಾರುವವರು 35 ದಿನಕ್ಕೇ ಮರಿ ಕೊಡ್ತೀವಿ ಅಂತಾರೆ. ಬೇಗ ತಂದಷ್ಟೂ ನಮಗೆ ಹೊಂದಿಕೊಳ್ಳುತ್ತೆ ಅಲ್ವಾ?

ಇಲ್ಲ. 8 ವಾರ ತುಂಬಲಿ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮವೂ ಅದಕ್ಕಿಂತ ಚಿಕ್ಕ ಮರಿ ಮಾರಬಾರದು ಅನ್ನುತ್ತದೆ. ಐದನೇ ವಾರದಿಂದ ಎಂಟನೇ ವಾರದೊಳಗೆ ಮರಿ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಕಲಿಯುವ ಪಾಠವನ್ನು ನಾವು ಕಲಿಸಲಾರೆವು. ಜೋರಾಗಿ ಕಚ್ಚಿದರೆ ಅಣ್ಣ ಕಿರುಚಿ ಆಟ ಬಿಟ್ಟು ಹೋಗುತ್ತಾನೆ, ಅಮ್ಮ ಗುರ್ ಅನ್ನುತ್ತಾಳೆ. ಹಲ್ಲಿಗೆ ಎಷ್ಟು ಜೋರಿದೆ ಅಂತ ಮರಿಗೆ ಗೊತ್ತಾಗುವುದೇ ಹಾಗೆ. ಬೇಗ ಬಂದ ಮರಿಗಳ ಮನೆಯವರೇ "ತುಂಬಾ ಕಚ್ಚುತ್ತೆ" ಅಂತ ಜಾಸ್ತಿ ಕೇಳುವುದು.

ಬೀದಿಯಲ್ಲಿ ಸಿಕ್ಕ ಅನಾಥ ಮರಿಯ ಮಾತು ಬೇರೆ. ಅಲ್ಲಿ ವಾರ ಎಣಿಸುತ್ತಾ ಕೂರಲು ಆಗುವುದಿಲ್ಲ.

ರಾತ್ರಿಯೆಲ್ಲಾ ಕುಂಯ್ ಕುಂಯ್ ಅನ್ನುತ್ತೆ. ಹತ್ತಿರ ಹೋದರೆ ಅದೇ ಅಭ್ಯಾಸ ಆಗಿಬಿಡುತ್ತಾ?

ನಿನ್ನೆಯವರೆಗೆ ಐದಾರು ಮರಿಗಳ ಮೇಲೆ ಒರಗಿ ಮಲಗಿದ ಜೀವ ಅದು. ಇವತ್ತು ಹಾಲ್‌ನಲ್ಲಿ ಒಂಟಿ. ಅಳದೆ ಏನು ಮಾಡೀತು? ಮೊದಲ ಕೆಲವು ರಾತ್ರಿ ನಿಮ್ಮ ಮಂಚದ ಪಕ್ಕದಲ್ಲೇ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಕಾಟನ್ ಸೀರೆ ಹಾಸಿ ಮಲಗಿಸಿ. ಕುಂಯ್ ಅಂದಾಗ ಕೈ ಇಳಿಬಿಟ್ಟರೆ ಸಾಕು. ಆಮೇಲೆ ದಿನಕ್ಕೆ ಒಂದಿಷ್ಟು ದೂರ ಸರಿಸುತ್ತಾ ಅದರ ಜಾಗಕ್ಕೆ ಕಳಿಸಬಹುದು.

ಮಲಗಿ ಎರಡು ಮೂರು ಗಂಟೆ ಆದ ಮೇಲೆ ಎದ್ದು ಅತ್ತರೆ ಅದು ಉಚ್ಚೆಯ ಅಳು. ಎತ್ತಿಕೊಂಡು ಹೊರಗೆ ಹೋಗಿ, ಮಾಡಿಸಿ, ತಂದು ಮಲಗಿಸಿ. ಮಾತಿಲ್ಲ, ಮುದ್ದಿಲ್ಲ, ಲೈಟಿಲ್ಲ. ರಾತ್ರಿ 2 ಗಂಟೆಗೆ "ಏನೋ ಪುಟ್ಟಾ" ಅಂದಿರೋ, ಅದು ಆಟದ ಹೊತ್ತು ಅಂತಲೇ ತಿಳಿಯುತ್ತದೆ.

ಪಂಜರದಲ್ಲಿ ಇಡೋದು ಪಾಪ ಅನ್ಸುತ್ತೆ. ಕ್ರೇಟ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಆದರೆ ಉಪಯೋಗವಿದೆ. ಮಲಗುವ ಜಾಗವನ್ನು ಗಲೀಜು ಮಾಡಿಕೊಳ್ಳುವುದು ನಾಯಿಗೆ ಇಷ್ಟವಿಲ್ಲ. ಎದ್ದು ನಿಂತು ಒಂದು ಸುತ್ತು ತಿರುಗುವಷ್ಟು ಜಾಗ ಇದ್ದರೆ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ದೊಡ್ಡ ಕ್ರೇಟ್ ತಂದರೆ ಒಂದು ಮೂಲೆ ಬೆಡ್‌ರೂಮು, ಇನ್ನೊಂದು ಮೂಲೆ ಟಾಯ್ಲೆಟ್ ಆಗುತ್ತದೆ.

ಬಾಗಿಲು ತೆರೆದಿಟ್ಟು ಒಳಗೆ ಊಟ ಹಾಕುತ್ತಾ ಹೋಗಿ. ತಾನಾಗಿ ಹೋಗಿ ಮಲಗಲು ಶುರು ಮಾಡಿದ ಮೇಲೆ ಬಾಗಿಲು ಹಾಕಿ. ಶಿಕ್ಷೆಗೆ ಅಂತ ಒಳಗೆ ತಳ್ಳಬೇಡಿ. ಬೆಳಿಗ್ಗೆ 9ಕ್ಕೆ ಹಾಕಿ ಸಂಜೆ 6ಕ್ಕೆ ತೆಗೆಯುವುದಾದರೆ ಮಾತ್ರ ನೀವು ಹೇಳಿದ್ದು ಸರಿ, ಅದು ಪಂಜರವೇ. ಕ್ರೇಟ್ ಬೇಡ ಅನ್ನುವವರು ಮೂಲೆಯೊಂದನ್ನು ಅಡ್ಡಗಟ್ಟಿಕೊಂಡರೂ ನಡೆಯುತ್ತದೆ.

## ಉಚ್ಚೆ, ಕಕ್ಕದ ಪಂಚಾಯ್ತಿ

ಮನೆ ತುಂಬಾ ಎಲ್ಲೆಂದರಲ್ಲಿ ಮಾಡುತ್ತೆ. ಎಲ್ಲಿಂದ ಶುರು ಮಾಡಲಿ?

ಗಡಿಯಾರದಿಂದ. ಮರಿ ಉಚ್ಚೆ ಹೊಯ್ಯುವ ಹೊತ್ತುಗಳು ಬೆರಳೆಣಿಕೆಯಷ್ಟೇ. ನಿದ್ದೆಯಿಂದ ಎದ್ದ ಕೂಡಲೇ, ತಿಂದು ಕುಡಿದ ಮೇಲೆ, ಜೋರಾಗಿ ಆಡುವಾಗ ನಡುವೆ, ರಾತ್ರಿ ಮಲಗುವ ಮುಂಚೆ. ಕಕ್ಕ ಸಾಮಾನ್ಯವಾಗಿ ಊಟವಾಗಿ ಅರ್ಧ ಗಂಟೆಯೊಳಗೆ. ತಡೆದುಕೊಳ್ಳುವ ಶಕ್ತಿಗೆ ಒಂದು ಅಂದಾಜು ಲೆಕ್ಕವಿದೆ: ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಬರುವಷ್ಟು ಗಂಟೆ. 2 ತಿಂಗಳ ಮರಿಗೆ 3 ಗಂಟೆ, ಅದೂ ಮಲಗಿದ್ದರೆ. ಎದ್ದು ಕುಣಿಯುತ್ತಿದ್ದರೆ ಅರ್ಧ ಗಂಟೆಯೂ ಜಾಸ್ತಿಯೇ.

ಕರಿಯ ಬಂದಾಗ ನಾವು ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿಗೆ ಗೆರೆ ಎಳೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆವು. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್. ಉಚ್ಚೆಗೆ 'ಉ', ಕಕ್ಕಕ್ಕೆ 'ಕ', ಊಟಕ್ಕೆ ಒಂದು ಚುಕ್ಕೆ. ಮನೆಯೊಳಗೆ ಆದರೆ ಅಕ್ಷರದ ಸುತ್ತ ಒಂದು ಸೊನ್ನೆ. ನಾಲ್ಕನೇ ದಿನ ನೋಡಿದರೆ ಸೊನ್ನೆಗಳೆಲ್ಲಾ ಸಂಜೆ 6ರಿಂದ 8ರ ನಡುವೆ ಗುಂಪಾಗಿದ್ದವು. ಆ ಹೊತ್ತಿಗೆ ಅಮ್ಮ ದೀಪ ಹಚ್ಚುತ್ತಿರುತ್ತಾರೆ, ನಾನು ಒಲೆ ಮುಂದೆ, ಮಗಳು ಹೋಂವರ್ಕ್ ಮುಂದೆ. ಮರಿಯ ಮೇಲೆ ಯಾರ ಕಣ್ಣೂ ಇಲ್ಲ. ಆ ಎರಡು ಗಂಟೆ ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು ಅಡುಗೆ ಮಾಡಿದೆ. ಒಂದು ವಾರಕ್ಕೆ ಸೊನ್ನೆ ಅರ್ಧಕ್ಕರ್ಧ ಇಳಿಯಿತು.

ಹೊರಗೆ ಕರೆದೊಯ್ಯುವಾಗ ದಿನವೂ ಒಂದೇ ಜಾಗಕ್ಕೆ ಹೋಗಿ. ಹಗ್ಗ ಹಾಕಿ, ಕಂಬದ ಹಾಗೆ ನಿಂತುಬಿಡಿ. ಮೂಗು ನೆಲಕ್ಕಿಟ್ಟು ಸುತ್ತಲು ಶುರು ಮಾಡಿದಾಗ ಮೆಲ್ಲಗೆ 'ಸುಸು' ಅನ್ನಿ. ಮುಗಿಸಿದ ಮರುಕ್ಷಣ ಹೊಗಳಿಕೆ, ಒಂದು ಚೂರು ತಿಂಡಿ, ಅಲ್ಲೇ. ಮನೆಯೊಳಗೆ ಬಂದು ಡಬ್ಬ ತೆಗೆದು ಕೊಟ್ಟರೆ ಅದು ಒಳಗೆ ಬಂದಿದ್ದಕ್ಕೆ ಸಿಕ್ಕ ಬಹುಮಾನ ಅಷ್ಟೆ.

ಹೊರಗೆ ಅರ್ಧ ಗಂಟೆ ನಿಂತರೂ ಮಾಡಲ್ಲ. ಒಳಗೆ ಬಂದ ತಕ್ಷಣ ಮಾಡುತ್ತೆ. ಬೇಕಂತಲೇ ಅಲ್ವಾ?

ಬೇಕಂತ ಅಲ್ಲ. ಹೊರಗೆ ಎಲೆ, ಇರುವೆ, ಸ್ಕೂಟರ್, ಪಕ್ಕದ ಮನೆ ಬೆಕ್ಕು ಎಲ್ಲಾ ಇದೆ, ಉಚ್ಚೆಯ ನೆನಪೇ ಇಲ್ಲ. ಇನ್ನೊಂದು ಕಾರಣ ನಾವೇ. ಮರಿ ಮಾಡಿದ ತಕ್ಷಣ "ಆಯ್ತು, ನಡಿ ಒಳಗೆ" ಅಂತೀವಲ್ಲ, ಉಚ್ಚೆ ಮಾಡಿದರೆ ಮಜಾ ಮುಗಿಯಿತು ಅಂತ ಅದು ಕಲಿಯುತ್ತದೆ. ಆದ್ದರಿಂದ ಮಾಡಿದ ಮೇಲೆ ಐದು ನಿಮಿಷ ಅಲ್ಲೇ ಆಡಿಸಿ. ಹತ್ತು ನಿಮಿಷ ಕಾದರೂ ಮಾಡದಿದ್ದರೆ ಒಳಗೆ ತಂದು ಮಡಿಲಲ್ಲಿ ಅಥವಾ ಕ್ರೇಟಿನಲ್ಲಿ ಇಟ್ಟುಕೊಂಡು ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಹೊರಗೆ ಹೋಗಿ. ನಡುವೆ ನೆಲಕ್ಕೆ ಮಾತ್ರ ಬಿಡಬೇಡಿ.

ಮಾಡಿದ ಜಾಗಕ್ಕೆ ಮೂಗು ಉಜ್ಜಿ ಎರಡು ಕೊಟ್ಟರೆ ಬುದ್ಧಿ ಬರುತ್ತೆ ಅಂತಾರೆ ನಮ್ಮ ಮಾವ. ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತಿರುತ್ತಂತೆ.

ಮಾವನವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬೇಡ. ಅರ್ಧ ಗಂಟೆ ಹಿಂದೆ ಮಾಡಿದ್ದಕ್ಕೂ ಈಗಿನ ಏಟಿಗೂ ಮರಿಯ ತಲೆಯಲ್ಲಿ ನಂಟೇ ಇಲ್ಲ. ಅದು ಕಲಿಯುವುದು ಒಂದೇ: ಇವರ ಕಣ್ಣೆದುರು ಮಾಡಬಾರದು. ಆಮೇಲೆ ಸೋಫಾ ಹಿಂದೆ, ಮಂಚದ ಕೆಳಗೆ ಮಾಡುತ್ತದೆ. ಹೊರಗೆ ನೀವು ಪಕ್ಕದಲ್ಲಿ ನಿಂತರೂ ಮಾಡುವುದಿಲ್ಲ.

ಕಿವಿ ಮಡಚಿ, ಕಣ್ಣು ತಪ್ಪಿಸಿ ಕೂರುವ ಆ 'ತಪ್ಪಿತಸ್ಥ ಮುಖ'ವನ್ನು ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪರೀಕ್ಷಿಸಿದರು. ನಾಯಿ ತಪ್ಪು ಮಾಡಿದೆಯೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಗದರಿದಾಗ ಆ ಮುಖ ಬರುತ್ತಿತ್ತು, ಏನೂ ಮಾಡದ ನಾಯಿಗೂ ಬರುತ್ತಿತ್ತು. ಅದು ತಪ್ಪೊಪ್ಪಿಗೆಯಲ್ಲ, ಹೆದರಿಕೆ.

ಮಾಡುತ್ತಿರುವಾಗಲೇ ಸಿಕ್ಕಿಬಿದ್ದರೆ ಒಂದು ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ಓಡಿ. ಆಮೇಲೆ ನೋಡಿದರೆ ಸುಮ್ನೆ ಒರೆಸಿ.

ಫಿನಾಯಿಲ್ ಹಾಕಿ ಒರೆಸಿದರೂ ಅದೇ ಮೂಲೆಗೆ ಹೋಗಿ ಮಾಡುತ್ತಲ್ಲ?

ನಮ್ಮ ಮೂಗಿಗೆ ಫಿನಾಯಿಲ್ ವಾಸನೆ ಬರುತ್ತದೆ, ಅದರ ಮೂಗಿಗೆ ಫಿನಾಯಿಲ್ ಜೊತೆಗೆ ಉಚ್ಚೆಯ ವಾಸನೆಯೂ ಬರುತ್ತದೆ. ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದು ಉಚ್ಚೆಯ ಅಂಶವನ್ನೇ ಒಡೆಯುತ್ತದೆ. ಇಲ್ಲದಿದ್ದರೆ ಮೊದಲು ಪೇಪರಿನಿಂದ ಒತ್ತಿ ಹೀರಿಸಿ, ನೀರಿಗೆ ಬಿಳಿ ವಿನೆಗರ್ ಬೆರೆಸಿ ಒರೆಸಿ, ಒಣಗಲು ಬಿಡಿ. ಮಾರ್ಬಲ್, ಗ್ರಾನೈಟ್ ನೆಲಕ್ಕೆ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ, ಅದರ ಘಾಟು ಉಚ್ಚೆಯ ಹಾಗೇ ಇರುತ್ತದೆ. ಫಿನಾಯಿಲ್ ಹಸಿ ಇರುವಾಗ ಮರಿ ಓಡಾಡಿ, ಆಮೇಲೆ ಪಾದ ನೆಕ್ಕಿಕೊಳ್ಳುವುದೂ ಒಳ್ಳೆಯದಲ್ಲ.

ನಮ್ಮದು ಏಳನೇ ಮಹಡಿ. ಲಸಿಕೆ ಮುಗಿಯೋವರೆಗೂ ಕೆಳಗೆ ಇಳಿಸಬೇಡಿ ಅಂದಿದ್ದಾರೆ. ಟ್ರೇನಿಂಗ್ ಹೇಗೆ?

ವೆಟ್ ಹೇಳಿದ್ದು ಪಾರ್ವೊ ಭಯಕ್ಕೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳನ್ನು ಎರಡು ಮೂರು ದಿನದಲ್ಲೇ ಕೊಂಡೊಯ್ಯಬಲ್ಲದು. ಮರಿಯ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ ಹೋಗುತ್ತದೆ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ.

ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಒಂದು ಅಗಲದ ಟ್ರೇ ಇಡಿ. ನರ್ಸರಿಯಲ್ಲಿ ಸಿಗುವ ಹುಲ್ಲಿನ ಹಾಸು ಒಂದು ತುಂಡು ತಂದು ಅದರಲ್ಲಿ ಹಾಕಿ. ಪೇಪರ್ ಹಾಸಿದರೂ ಕಲಿಯುತ್ತದೆ, ಆದರೆ ಆಮೇಲೆ ನೆಲದ ಮೇಲೆ ಬಿದ್ದ ಪ್ರತಿ ಪೇಪರೂ ಅದಕ್ಕೆ ಟಾಯ್ಲೆಟ್ಟೇ. ನಮ್ಮ ಭಾವನ ಮನೆಯಲ್ಲಿ ಭಾನುವಾರದ ಪುರವಣಿಯನ್ನು ಯಾರೂ ಓದುವ ಮೊದಲೇ ಮರಿ ಓದಿ ಮುಗಿಸುತ್ತಿತ್ತು.

ಕೆಳಗೆ ಇಳಿಸಬೇಡಿ ಅಂದರೆ ಹೊರಗೇ ಒಯ್ಯಬೇಡಿ ಅಂತ ಅಲ್ಲ. 3ರಿಂದ 14 ವಾರದ ಒಳಗೆ ನೋಡಿ ಕೇಳಿದ್ದನ್ನು ಮರಿ ಮುಂದೆ ಹೆದರದೆ ಒಪ್ಪಿಕೊಳ್ಳುತ್ತದೆ. ಆ ಕಿಟಕಿ ಆಮೇಲೆ ಅಷ್ಟು ಅಗಲ ತೆರೆಯುವುದಿಲ್ಲ. ಎತ್ತಿಕೊಂಡು ಗೇಟಿನ ಹತ್ತಿರ ನಿಲ್ಲಿ. ಆಟೋ, ಹೆಲ್ಮೆಟ್ ಹಾಕಿದವರು, ಕೊಡೆ, ಸ್ಕೂಲ್ ಮಕ್ಕಳು, ಗಣಪತಿಯ ತಮಟೆ ಎಲ್ಲವನ್ನೂ ದೂರದಿಂದ ತೋರಿಸಿ. ಒಂದೊಂದಕ್ಕೂ ಒಂದು ಚೂರು ತಿಂಡಿ.

ಮಳೆ ಬಂದರೆ ಹೊರಗೆ ಕಾಲೇ ಇಡಲ್ಲ.

ನೀವೂ ಇಡುವುದಿಲ್ಲ ಅಲ್ವಾ? ಸೂರಿನ ಕೆಳಗೆ, ಕಾರ್ ನಿಲ್ಲಿಸುವ ಕಡೆ ಒಂದು ಒಣ ಮೂಲೆ ಮಾಡಿಕೊಡಿ. ಹಿಂದೆ ಮಾಡಿದ ಉಚ್ಚೆಗೆ ಅದ್ದಿದ ಪೇಪರ್ ತುಂಡು ಅಲ್ಲಿಟ್ಟರೆ ಜಾಗ ಗುರುತು ಹಿಡಿಯುತ್ತದೆ. ಮಲೆನಾಡಿನವರು ಜೂನ್‌ಗೆ ಮುಂಚೆಯೇ ಈ ಮೂಲೆ ಅಭ್ಯಾಸ ಮಾಡಿಸಿಟ್ಟುಕೊಳ್ಳಿ.

ನೆಂಟರು ಬಂದು ತಲೆ ಸವರಿದರೆ ಅಲ್ಲೇ ಒಂದು ಚೂರು ಉಚ್ಚೆ ಹೊಯ್ದುಬಿಡುತ್ತೆ.

ಇದು ಟ್ರೇನಿಂಗ್ ತಪ್ಪಿದ್ದಲ್ಲ. ಸಂಭ್ರಮಕ್ಕೋ ಅಂಜಿಕೆಗೋ ತಾನಾಗಿ ಆಗುವಂಥದ್ದು. ಬೈದರೆ ಇನ್ನೂ ಜಾಸ್ತಿ ಆಗುತ್ತದೆ. ಬಂದವರು ಮೊದಲು ಗಮನ ಕೊಡದೆ ಒಳಗೆ ಬಂದು ಕೂರಲಿ, ಮರಿಯೇ ಹತ್ತಿರ ಬರಲಿ. ಮೇಲಿಂದ ಬಾಗಿ ತಲೆ ಮುಟ್ಟುವ ಬದಲು ಗದ್ದದ ಕೆಳಗೆ ಸವರಲಿ. ಬೆಳೆಯುತ್ತಾ ಹೆಚ್ಚಿನವು ಬಿಟ್ಟುಬಿಡುತ್ತವೆ.

## ಮಾತು ಕೇಳಿಸುವುದು

ಟ್ರೇನಿಂಗ್ ಆರು ತಿಂಗಳ ಮೇಲೆ ಶುರು ಮಾಡಬೇಕಂತೆ, ಹೌದಾ?

ಹಿಂದೆ ಎಳೆದು, ಜಗ್ಗಿ ಕಲಿಸುತ್ತಿದ್ದರು. ಚಿಕ್ಕ ಮರಿಗೆ ಅದನ್ನು ತಡೆಯಲು ಆಗುತ್ತಿರಲಿಲ್ಲ. ತಿಂಡಿ ತೋರಿಸಿ ಕಲಿಸುವುದಕ್ಕೆ ಆ ಕಟ್ಟಳೆ ಇಲ್ಲ, ಬಂದ ಎರಡನೇ ದಿನವೇ ಶುರು ಮಾಡಿ. ಒಂದು ಸಲಕ್ಕೆ ಎರಡು ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಕುಕ್ಕರ್ ಮೂರು ವಿಷಲ್ ಕೂಗುವ ಹೊತ್ತು ಸಾಕು.

ಕನ್ನಡದಲ್ಲಿ ಹೇಳಿದರೆ ಕಲಿಯುತ್ತಾ? ಇಂಗ್ಲಿಷೇ ಬೇಕಾ?

ನಾಯಿಗೆ ಭಾಷೆ ಇಲ್ಲ, ಸದ್ದು ಇದೆ. ಕನ್ನಡದಲ್ಲಿ ಧಾರಾಳವಾಗಿ ಕಲಿಯುತ್ತದೆ. ತೊಂದರೆ ಬರುವುದು ಬೇರೆ ಕಡೆ. ಅಪ್ಪ 'ಸಿಟ್' ಅಂತಾರೆ, ಮಗ 'ಸಿಟ್ ಡೌನ್' ಅಂತಾನೆ, ಅಜ್ಜಿ 'ಕೂತ್ಕೊಳೋ ಕಂದಾ' ಅಂತಾರೆ. ಹುಬ್ಬಳ್ಳಿಯಿಂದ ಬಂದ ಚಿಕ್ಕಪ್ಪ 'ಕುಂಡ್ರಲೇ' ಅಂತಾರೆ. ಪಾಪ, ಮರಿ ಯಾವುದಕ್ಕೆ ಕೂರಬೇಕು? ಮನೆಯವರೆಲ್ಲಾ ಸೇರಿ ಐದು ಪದ ಆರಿಸಿ, ಫ್ರಿಜ್ ಮೇಲೆ ಬರೆದು ಅಂಟಿಸಿ, ಅದಕ್ಕೇ ಅಂಟಿಕೊಳ್ಳಿ.

ಇನ್ನೊಂದು ಕಿವಿಮಾತು: 'ಬಾ' ಬೇಡ. ಕನ್ನಡದ ಮನೆಯಲ್ಲಿ ದಿನಕ್ಕೆ ನೂರು ಸಲ 'ಬಾ' ಅಂತೀವಿ. ಊಟಕ್ಕೆ ಬಾ, ಇಲ್ಲಿ ಬಾ, ಬೇಗ ಬಾರೋ. ನಾಯಿಯ ಕಿವಿಯಲ್ಲಿ ಆ ಪದ ಸವೆದು ಹೋಗುತ್ತದೆ. ನಾವು ಕರಿಯನನ್ನು ಕರೆಯಲು 'ಓಡ್ಬಾ' ಅಂತ ಇಟ್ಟುಕೊಂಡೆವು. ಅದನ್ನು ಮನೆಯಲ್ಲಿ ಬೇರೆ ಯಾರಿಗೂ ಹೇಳುತ್ತಿರಲಿಲ್ಲ.

'ಕೂತ್ಕೋ' ಕಲಿಸೋದು ಹೇಗೆ? ಸೊಂಟ ಒತ್ತಿದರೆ ಒದ್ದಾಡುತ್ತೆ.

ಒತ್ತಬೇಡಿ. ಒತ್ತಿದರೆ ಎದುರು ತಳ್ಳುವುದು ಅದರ ಸ್ವಭಾವ. ಹೆಬ್ಬೆರಳು, ತೋರುಬೆರಳಿನ ನಡುವೆ ಕಡಲೆಕಾಳಿನಷ್ಟು ತಿಂಡಿ ಹಿಡಿದು ಮರಿಯ ಮೂಗಿಗೆ ತಾಗುವಷ್ಟು ಹತ್ತಿರ ತನ್ನಿ. ಅಲ್ಲಿಂದ ನಿಧಾನಕ್ಕೆ ಹಣೆಯ ಮೇಲೆ, ಕಿವಿಗಳ ನಡುವೆ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೆದ್ದರೆ ಹಿಂಭಾಗ ತಾನಾಗಿ ಇಳಿಯುತ್ತದೆ. ನೆಲ ಮುಟ್ಟಿದ ಗಳಿಗೆ 'ಭೇಷ್' ಅಂದು ಕೊಡಿ. ಮರಿ ಎಗರಿದರೆ ಕೈ ಜಾಸ್ತಿ ಮೇಲಿದೆ ಅಂತ, ಹಿಂದೆ ಸರಿದರೆ ಬೆನ್ನಿಗೆ ಗೋಡೆ ಬರುವ ಹಾಗೆ ಮೂಲೆಯಲ್ಲಿ ಮಾಡಿ.

ಮೊದಲ ದಿನ ಬಾಯಿ ಬಿಡಬೇಡಿ, ಕೈ ಮಾತ್ರ. ಕೈಗೆ ಸಲೀಸಾಗಿ ಕೂರಲು ಶುರುವಾದ ಮೇಲೆ, ಕೈ ಆಡಿಸುವ ಅರ್ಧ ಕ್ಷಣ ಮುಂಚೆ 'ಕೂತ್ಕೋ' ಅನ್ನಿ. ಒಂದೇ ಸಲ. 'ಕೂತ್ಕೋ, ಕೂತ್ಕೋ, ಕೂತ್ಕೋ ಅಂದ್ನಲ್ಲ' ಅಂದರೆ ನಾಲ್ಕನೇ ಸಲಕ್ಕೆ ಕೂರಬೇಕು ಅಂತಲೇ ಕಲಿಯುತ್ತದೆ.

ಕೈಯಲ್ಲಿ ತಿಂಡಿ ಇದ್ದರೆ ಮಾತ್ರ ಕೇಳುತ್ತೆ. ನಮ್ಮದು ಸಸ್ಯಾಹಾರಿ ಮನೆ ಬೇರೆ, ಏನು ಕೊಡೋದು?

ಐದಾರು ಸಲ ಆದ ಮೇಲೆ ಖಾಲಿ ಕೈಯಲ್ಲಿ ಅದೇ ಸನ್ನೆ ಮಾಡಿ, ತಿಂಡಿಯನ್ನು ಇನ್ನೊಂದು ಕೈಯಿಂದ ಅಥವಾ ಶೆಲ್ಫಿನ ಡಬ್ಬದಿಂದ ಕೊಡಿ. ತಿಂಡಿ ಕಾಣದಿದ್ದರೂ ಬರುತ್ತದೆ ಅಂತ ಗೊತ್ತಾಗಬೇಕು. ಚೆನ್ನಾಗಿ ಕಲಿತ ಮೇಲೆ ಒಂದು ಸಲ ಕೊಟ್ಟು ಎರಡು ಸಲ ಬಿಡಿ, ಲೆಕ್ಕ ಸಿಗದ ಹಾಗೆ. ಬಾಗಿಲು ತೆಗೆಯುವುದು, ಚೆಂಡು ಎಸೆಯುವುದು ಕೂಡ ಬಹುಮಾನವೇ.

ಪನೀರ್ ಚೂರು, ಕ್ಯಾರೆಟ್, ಬೀಜ ತೆಗೆದ ಸೇಬು ನಡೆಯುತ್ತದೆ. ದಿನದ ಊಟದ ಕಾಳುಗಳನ್ನೇ ತೆಗೆದಿಟ್ಟುಕೊಂಡರೂ ಆಯಿತು. ಕೊಡಲೇಬಾರದ್ದು ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ. ಹಬ್ಬದ ದಿನ ಪಾಯಸದ ಬಟ್ಟಲು ನೆಕ್ಕಲು ಬಿಡುವಾಗ ತಳದ ಒಣದ್ರಾಕ್ಷಿ ನೆನಪಿರಲಿ.

ಕೈ, ಪ್ಯಾಂಟು, ಸೆರಗು ಎಲ್ಲಾ ಕಚ್ಚುತ್ತೆ. ಮಕ್ಕಳು ಸೋಫಾ ಬಿಟ್ಟು ಇಳಿಯಲ್ಲ.

ಹಾಲು ಹಲ್ಲು ಬಿದ್ದು ಹೊಸವು ಬರುವುದು ಸುಮಾರು 4ರಿಂದ 6 ತಿಂಗಳ ನಡುವೆ. 28 ಹೋಗಿ 42 ಬರಬೇಕು, ಒಸಡು ನವೆ ತಡೆಯಲಾಗುವುದಿಲ್ಲ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ, ನೀವು ಪಕ್ಕದಲ್ಲಿದ್ದಾಗ ಮಾತ್ರ. ಹಲ್ಲು ಚರ್ಮಕ್ಕೆ ತಾಗಿದರೆ ಕೈ ಝಾಡಿಸಬೇಡಿ, ಅದು ಆಟ ಅಂದುಕೊಳ್ಳುತ್ತದೆ. ಆಟ ನಿಲ್ಲಿಸಿ, ಎದ್ದು ಅರ್ಧ ನಿಮಿಷ ಆಚೆ ಹೋಗಿ. ಸಂಜೆ ಹುಚ್ಚೆದ್ದ ಹಾಗೆ ಕಚ್ಚುತ್ತಿದ್ದರೆ ಅದಕ್ಕೆ ನಿದ್ದೆ ಸಾಲದಾಗಿದೆ. ಈ ವಯಸ್ಸಿಗೆ ದಿನಕ್ಕೆ 18 ಗಂಟೆ ನಿದ್ದೆ ಬೇಕು.

ಚರ್ಮ ಒಡೆದು ರಕ್ತ ಬಂದರೆ, ಗೀರಿದರೂ ಸೈ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. 'ಮನೆ ಮರಿ ತಾನೇ' ಅಂತ ರೇಬಿಸ್ ವಿಷಯದಲ್ಲಿ ಉದಾಸೀನ ಬೇಡ.

## ಸ್ವಲ್ಪ ಮುಂದಿನ ಪಾಠ

ಮನೆಯೊಳಗೆ ಕರೆದರೆ ಓಡಿ ಬರುತ್ತೆ. ಹೊರಗೆ ಬಿಟ್ಟರೆ ತಿರುಗಿಯೂ ನೋಡಲ್ಲ.

ನೀವು ಹೊರಗೆ ಕರೆಯುವುದು ಯಾವಾಗ? ಆಟ ಮುಗಿಸಲು, ಹಗ್ಗ ಹಾಕಲು, ಸ್ನಾನ ಮಾಡಿಸಲು. ಯಾರು ಬರುತ್ತಾರೆ? ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಆಡಲು ಬಿಟ್ಟುಬಿಡಿ. ಮೂವತ್ತು ಅಡಿಯ ಹಗ್ಗ ಕಟ್ಟಿ ಮೈದಾನದಲ್ಲಿ ಅಭ್ಯಾಸ ಮಾಡಿ. ಬರದಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ, ಉಲ್ಟಾ ದಿಕ್ಕಿಗೆ ನೀವು ಓಡಿ. ತಡವಾಗಿ ಬಂದರೂ ಬೈಯಬೇಡಿ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲವೋ ಬೆಕ್ಕೋ ಸರಿದಾಡಿದರೆ ಸಾಕು, ಕಿವಿ ಮುಚ್ಚಿ ಕಾಲು ಹೊರಡುತ್ತದೆ. ಎಷ್ಟೇ ಕಲಿಸಿದರೂ ಬೇಲಿ ಇಲ್ಲದ ಕಡೆ ಬಿಚ್ಚಿ ಬಿಡಬೇಡಿ. ಅದು ದಡ್ಡ ಅಂತಲ್ಲ, ತಲೆಮಾರುಗಳಿಂದ ಅದನ್ನು ಬೆಳೆಸಿದ್ದೇ ಆ ಓಟಕ್ಕೆ.

ನಾಯಿಗೆ ಬಾಸ್ ಯಾರು ಅಂತ ತೋರಿಸಬೇಕಂತೆ. ಅಂಗಾತ ಕೆಡವಿ ಒತ್ತಿ ಹಿಡಿಯಿರಿ ಅಂದ ಟ್ರೇನರ್.

ಆ ಟ್ರೇನರ್‌ಗೆ ಕೈ ಮುಗಿದು ಕಳಿಸಿ. ಈ 'ಬಾಸ್' ಕಥೆ ಬಂದಿದ್ದು ತೋಳಗಳಿಂದ. ಪ್ರಾಣಿಗಳ ನಡವಳಿಕೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದಿದ್ದು ಅದು. ಒಂದಕ್ಕೊಂದು ಗುರುತಿಲ್ಲದ ತೋಳಗಳನ್ನು ಒಂದೇ ಆವರಣಕ್ಕೆ ತುಂಬಿದರೆ ಜಗಳ ಆಗದೆ ಇನ್ನೇನು? ಆ ಮಾತನ್ನು ಜಗತ್ತಿಗೆಲ್ಲಾ ಹರಡಿದವರಲ್ಲಿ ಒಬ್ಬರಾದ ತೋಳ ತಜ್ಞ ಡೇವಿಡ್ ಮೆಕ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ತಾವೇ ತಿದ್ದಿ ಬರೆದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ಪಟ್ಟಕ್ಕೆ ಕುಸ್ತಿ ಇಲ್ಲ. ನಾಯಿಯಂತೂ ತೋಳವೇ ಅಲ್ಲ.

ಕೆಡವಿ ಒತ್ತಿದರೆ ಮರಿ ಹೆದರಿ ಸುಮ್ಮನಾಗುತ್ತದೆ, ನಿಜ. ಒಂದು ದಿನ ಹೆದರಿ ಕಚ್ಚಲೂಬಹುದು, ಅದೂ ಸಾಮಾನ್ಯವಾಗಿ ಮುಖಕ್ಕೆ.

ಅಪಾರ್ಟ್‌ಮೆಂಟ್ ಸಂಘದವರು ಲಿಫ್ಟ್‌ನಲ್ಲಿ ನಾಯಿ ತರಬೇಡಿ ಅಂತಾರೆ. ಮೆಟ್ಟಿಲಿಳಿಯುವಷ್ಟರಲ್ಲಿ ಮರಿ ಮಾಡಿಬಿಡುತ್ತೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವ ಪ್ರಕಾರ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತೆಯೂ ಇಲ್ಲ. ಅದರ ಒಂದು ಪ್ರತಿ ಕೊಟ್ಟು ನೋಡಿ. ಜಗಳಕ್ಕಿಂತ ಮೊದಲು ನಮ್ಮ ಕಡೆಯದ್ದೂ ಸರಿ ಇರಲಿ. ಲಿಫ್ಟ್‌ನಲ್ಲಿ ಮರಿ ಕೈಯಲ್ಲಿರಲಿ, ಜೇಬಲ್ಲಿ ಪೇಪರ್ ಮತ್ತು ಕವರ್ ಇರಲಿ. ಪಕ್ಕದ ಮನೆಯವರ ರಂಗೋಲಿ ಮೇಲೆ ಒಂದು ಸಲ ಆದರೆ ಯಾವ ಮಾರ್ಗಸೂಚಿಯೂ ಕಾಪಾಡುವುದಿಲ್ಲ. ನನಗೆ ಅನುಭವವಿದೆ. ನಾನೇ ಒರೆಸಿ, ನಾನೇ ರಂಗೋಲಿ ಹಾಕಿಕೊಟ್ಟೆ. ಅವರಿಗೆ ನನ್ನ ರಂಗೋಲಿ ನೋಡಿ ಇನ್ನೂ ಬೇಜಾರಾಯಿತು.

ಎಂಟು ತಿಂಗಳಾಯ್ತು. ಎಲ್ಲಾ ಕಲಿತಿತ್ತು. ಈಗ ಮತ್ತೆ ಸೋಫಾ ಕಾಲಿಗೆ ಉಚ್ಚೆ, ಕರೆದರೆ ಕಿವುಡು.

ಮೊದಲು ವೆಟ್ ಹತ್ತಿರ ಹೋಗಿ. ಪದೇ ಪದೇ ಚೂರು ಚೂರು ಹೊಯ್ಯುವುದು, ತಿಣುಕುವುದು, ರಕ್ತದ ಬಣ್ಣ ಕಂಡರೆ ಮೂತ್ರದ ಸೋಂಕು ಇರಬಹುದು. ಕಾಯಿಲೆ ಇಲ್ಲ ಅಂತಾದರೆ ವಯಸ್ಸು. ಆರು ತಿಂಗಳು ದಾಟಿದ ಗಂಡು ಮರಿ ಕಾಲೆತ್ತಿ ಗುರುತು ಹಾಕಲು ಶುರು ಮಾಡುತ್ತದೆ. ಸಂತಾನಹರಣ ಚಿಕಿತ್ಸೆಯಿಂದ ಎಷ್ಟೋ ನಾಯಿಗಳಲ್ಲಿ ಇದು ಕಡಿಮೆಯಾಗುತ್ತದೆ, ಯಾವ ವಯಸ್ಸಿಗೆ ಮಾಡಿಸಬೇಕು ಅಂತ ತಳಿ ನೋಡಿ ವೆಟ್ ಹೇಳುತ್ತಾರೆ.

ಉಳಿದಿದ್ದಕ್ಕೆ ಎರಡು ತಿಂಗಳ ಮರಿ ಅಂದುಕೊಂಡು ಮೊದಲಿಂದ ಶುರು ಮಾಡಿ: ಹಗ್ಗ ಸೊಂಟಕ್ಕೆ, ತಿಂಡಿ ಜೇಬಿಗೆ, ಹೊರಗೆ ಕಾಯುವುದು. ಈ ಸಲ ಎರಡು ಮೂರು ವಾರದಲ್ಲಿ ದಾರಿಗೆ ಬಂದಾವು. ಚಿನ್ನಿಗೆ ಒಂಬತ್ತನೇ ತಿಂಗಳಲ್ಲಿ ಹೀಗಾದಾಗ ನಾನು ಫ್ರಿಜ್‌ಗೆ ಮತ್ತೆ ಹಾಳೆ ಅಂಟಿಸಿದೆ. ಮಗಳು ಶಾಲೆಯಿಂದ ಬಂದವಳು ನೋಡಿ, ಏನೂ ಕೇಳದೆ, ದಾರ ಹುಡುಕಿ ಪೆನ್ಸಿಲ್ ಕಟ್ಟಿದಳು.